ಹನ್ನೆರಡು ಮಣೆಯ ರಂಗಮಂಚ

ಮಟ್ಟದಜ್ಜನ ಮುತ್ತಾತ ಹಳ್ಳಕ್ಕೆ ಅಡ್ಡಲಾಗಿ ಮರದ ಸೇತುವೆಯೊಂದನ್ನು ಕಟ್ಟಿದ್ದ. ಅರವತ್ತು ವರ್ಷದ ಮೇಲೆ ಕಲ್ಲಿನ ಸೇತುವೆ ಬಂತೆಂದು ಅದನ್ನು ಕೆಡವಲು ಹೋದವರು ಸರಪಳಿ ಬಿಗಿದು ಎಳೆದರೆ, ಕಿತ್ತುಬಂದದ್ದು ಸೇತುವೆಯಲ್ಲ, ಸರಪಳಿ. ತಾತ ಮಾಡಿದ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ಕೈಬಿಟ್ಟರೆ ಅದು ದಡಕ್ಕನೆ ಬೀಳುತ್ತಿರಲಿಲ್ಲ. ಒಳಗಿನ ಗಾಳಿಗೆ ಹೊರಬರಲು ಕೂದಲೆಳೆಯಷ್ಟೂ ಸಂದು ಸಿಗದೆ, ಉಂಡ ಹಿರಿಯರು ಗೋಡೆಗೆ ಒರಗುವಂತೆ ಉಸ್ಸೆಂದು ಉಸಿರು ಬಿಡುತ್ತ ಮೆಲ್ಲಗೆ ಇಳಿಯುತ್ತಿತ್ತು. ಅಪ್ಪ ಶಾಲೆಗೆ ನಲವತ್ತು ಬೆಂಚು ಮಾಡಿಕೊಟ್ಟ. ಮೂರು ತಲೆಮಾರಿನ ಮಕ್ಕಳು ಅವುಗಳ ಮೇಲೆ ಹೆಸರು ಕೆತ್ತಲು ಹೋಗಿ ಚಾಕು ಮೊಂಡು ಮಾಡಿಕೊಂಡರೇ ಹೊರತು ಒಂದು ಬೆಂಚೂ ಕಿರ್ರೆನ್ನಲಿಲ್ಲ. ಇಂಥವರ ವಂಶದಲ್ಲಿ ಹುಟ್ಟಿದವನಿಗೆ ನೆಟ್ಟಗೆ ನಡೆಯುವುದು ಬಿಟ್ಟು ಬೇರೆ ದಾರಿಯಾದರೂ ಎಲ್ಲಿತ್ತು?

ಅಜ್ಜ ನಿಜಕ್ಕೂ ನೆಟ್ಟಗೇ ನಡೆಯುತ್ತಿದ್ದ. ಬಡಗಿಗಳು ಹಲಗೆಯ ಮೇಲೆ ದಾರ ಮೀಟಿ ಗೆರೆ ಹೊಡೆಯುತ್ತಾರಲ್ಲ, ಅಂಥದೊಂದು ಗೆರೆ ಬೀದಿಯುದ್ದಕ್ಕೂ ಅವನೊಬ್ಬನ ಕಣ್ಣಿಗೆ ಕಾಣುತ್ತಿದೆಯೇನೋ ಎಂಬಂತಿತ್ತು ಅವನ ನಡೆ. ಎದುರಿಗೆ ಸೈಕಲ್ ಬಂದರೂ ಸರಿ, ಕೈಗಾಡಿ ಬಂದರೂ ಸರಿ, ಪಕ್ಕಕ್ಕೆ ಸರಿಯಬೇಕಾದವರು ಅವರೇ. ಬೇಸಿಗೆಯಿರಲಿ ಚಳಿಯಿರಲಿ, ಮೈಮೇಲೊಂದು ಕಂದು ಕೋಟು. ಅದರ ಒಳಜೇಬು ಎದೆಯಿಂದ ತೊಡೆಯವರೆಗೆ ಉದ್ದ. ಎರಡಡಿಯ ಅಳತೆಪಟ್ಟಿಯನ್ನು ಮಡಚದೆ ಇಡಬೇಕೆಂದು ಹಟ ಹಿಡಿದು ಹೆಂಡತಿಯ ಕೈಯಲ್ಲಿ ಹೊಲಿಸಿಕೊಂಡದ್ದು. ಆ ಪಟ್ಟಿಯ ದೆಸೆಯಿಂದ ಅವನು ಕುರ್ಚಿಯಲ್ಲಿ ಕೂತರೆ ಕಾಲು ಚಾಚಿ, ಬೆನ್ನು ಸೆಟೆದು, ಗೋಡೆಗೆ ಆನಿಸಿಟ್ಟ ಏಣಿಯಂತೆ ಕಾಣುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಪಟ ಸೊಟ್ಟಗಿದೆಯೇ ನೋಡಿ, ಸರಿಮಾಡಿ, ಆಮೇಲೆಯೇ ‘ಹೇಗಿದ್ದೀರಿ’ ಎನ್ನುವುದು ಅವನ ಕ್ರಮ. ಸಾವಿನ ಮನೆಗೆ ಹೋದಾಗಲೂ ತೀರಿಕೊಂಡವರ ಪಟವನ್ನು ಅರ್ಧ ಬೆರಳು ಎಡಕ್ಕೆ ಎತ್ತಿಯೇ ಕಣ್ಣೊರೆಸಿಕೊಂಡಿದ್ದ. ಮಟ್ಟದಜ್ಜ ಎಂಬ ಹೆಸರು ಹಾಗೆ ಬಂದದ್ದು. ಮಾತಾಡಿದರೆ ಪ್ರತಿ ಮಾತಿನ ಕೊನೆಗೂ ‘ಹೌದೋ ಅಲ್ಲವೋ?’ ಎಂದು ಕೇಳುವನು. ಎದುರಿನವರು ಬಾಯಿ ತೆರೆಯುವ ಮುಂಚೆ ‘ಹೌದು’ ಎಂದು ತಾನೇ ಹೇಳಿ ಮುಗಿಸುವನು. ವಾದ ಮಾಡಲು ಅವನಿಗೆ ಇನ್ನೊಬ್ಬರ ಅಗತ್ಯವಿರಲಿಲ್ಲ.

ಅವನ ತಂಗಿಯ ಮಗಳು ಅಂಚೆಕಚೇರಿಯಲ್ಲಿ ಗುಮಾಸ್ತೆ. ಭಾನುವಾರ ಬಂತೆಂದರೆ ಹನ್ನೊಂದು ಜನರ ನಾಟಕ ತಂಡದ ಒಡತಿ. ಆಸ್ಪತ್ರೆಯ ಅಂಗಳ, ಶಾಲೆಯ ಸಭಾಂಗಣ, ಗ್ರಂಥಾಲಯದ ಹಿಂದಿನ ಬಯಲು, ಎಲ್ಲಿ ಜಾಗ ಕೊಟ್ಟರೆ ಅಲ್ಲಿ ಆಡುವವರು. ಅವಳು ಒಂದು ದಿನ ಅಜ್ಜನ ಮರಗೆಲಸದ ಕಾರ್ಖಾನೆಯೊಳಗೆ ಬಂದು, ಮರದ ಹೊಟ್ಟನ್ನು ಕಾಲಲ್ಲಿ ಸರಿಸಿ, ತಾತನ ಪೆಟ್ಟಿಗೆಯ ಮೇಲೆ ಕೂತಳು.

“ಮಾವ, ನೆಲದ ಮೇಲೆ ಆಡಿದರೆ ಹಿಂದಿನ ಸಾಲಿನವರಿಗೆ ನಮ್ಮ ತಲೆ ಬಿಟ್ಟು ಏನೂ ಕಾಣಲ್ಲ. ಹೋದ ವಾರ ರಾಣಿ ಸತ್ತು ಬಿದ್ದಳು ನೋಡಿ, ಹಿಂದಿನವರೆಲ್ಲ ಎದ್ದು ನಿಂತು ‘ಎಲ್ಲಿ ಹೋದಳು, ಎಲ್ಲಿ ಹೋದಳು’ ಅಂತ ಹುಡುಕೋಕೆ ಶುರುಮಾಡಿದರು. ಸತ್ತವಳಿಗೇ ನಗು ತಡೆಯೋಕಾಗಲಿಲ್ಲ.”

“ಎತ್ತರ ಬೇಕು ಅನ್ನು.”

“ಎತ್ತರ ಬೇಕು. ಬಿಚ್ಚಿ ವ್ಯಾನಿಗೆ ಹಾಕೋ ಹಾಗಿರಬೇಕು, ಎಂಥ ಬಾಗಿಲಲ್ಲೂ ತೂರಬೇಕು, ಇಬ್ಬರು ಎತ್ತೋ ಹಾಗಿರಬೇಕು, ಅರ್ಧ ಗಂಟೇಲಿ ಜೋಡಿಸೋ ಹಾಗಿರಬೇಕು.”

“ಮದುವೆಗೆ ಗಂಡು ನೋಡಿದಾಗಲೂ ನೀನು ಇಷ್ಟು ಕೇಳಲಿಲ್ಲವಲ್ಲೇ!”

“ಆಗ ಕೇಳಿದ್ದಿದ್ದರೆ ಭಾನುವಾರ ಮನೆ ಬಿಟ್ಟು ನಾಟಕ ಆಡೋ ಪ್ರಮೇಯವೇ ಬರ್ತಿರಲಿಲ್ಲ, ಮಾವ.”

ತಂಡದಲ್ಲಿ ಎಲ್ಲರಿಗೂ ಮರದ ಮೇಲೆ ನಂಬಿಕೆಯಿರಲಿಲ್ಲ. ಸದಾ ರಾಜನ ಪಾತ್ರ ಮಾಡುವ ಗಡಿಯಾರ ರಿಪೇರಿಯವನು ಕಬ್ಬಿಣದ ಕೊಳವೆಯ ವೇದಿಕೆ ತರೋಣವೆಂದು ಪಟ್ಟು ಹಿಡಿದಿದ್ದ. ಕಬ್ಬಿಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಜ್ಜ ಕಿವಿಯ ಮೇಲಿನ ಪೆನ್ಸಿಲನ್ನು ಕತ್ತಿಯಂತೆ ಸೆಳೆದ. ಹಳೆಯ ಕ್ಯಾಲೆಂಡರುಗಳ ಬೆನ್ನೆಲ್ಲ ಗೀಚಿ ತುಂಬಿಸಿದ. ಬೆಂಕಿಕಡ್ಡಿ ಜೋಡಿಸಿ ಪುಟ್ಟ ಮಾದರಿ ಮಾಡಿ ಅದರ ಮೇಲೆ ಹೆಂಡತಿಯ ನೂಲಿನ ಉಂಡೆಗಳನ್ನು ನಟರೆಂದು ನಿಲ್ಲಿಸಿದ. ಕೊನೆಗೆ ನಿಶ್ಚಯವಾದದ್ದು ಹೀಗೆ: ನಾಲ್ಕಡಿ ಉದ್ದ, ಮೂರಡಿ ಅಗಲದ ಹನ್ನೆರಡು ಚೌಕಟ್ಟು, ಮೇಲೆ ಹಲಗೆ, ಅವನ್ನು ಅವನು ಮಣೆ ಎಂದೇ ಕರೆದ. ಮೂಲೆಗೊಂದು ಕಳಚುವ ಕಾಲು. ಮಣೆಯ ನಾಲ್ಕೂ ಬದಿಗೆ ಎಡಕ್ಕೊಂದು ಮರದ ನಾಲಗೆ, ಬಲಕ್ಕೊಂದು ಬಾಯಿ. ಮೇಲಿನಿಂದ ಇಳಿಸಿದರೆ ಇದರ ನಾಲಗೆ ಅದರ ಬಾಯಿಗೆ, ಅದರದು ಇದಕ್ಕೆ ಜಾರಿ ಕೂರಬೇಕು. ಒಂದೇ ಒಂದು ಮೊಳೆ ಇಲ್ಲ.

ಎರಡು ತಿಂಗಳು ಕಾರ್ಖಾನೆಯಿಂದ ಉಜ್ಜುವ, ಕೊರೆಯುವ, ಗೊಣಗುವ ಸದ್ದು ಬಿಟ್ಟು ಬೇರೆ ಕೇಳಲಿಲ್ಲ. ಅವನ ಮನೆತನದವರು ಕೀಲು ಮಾಡುವ ಬಗೆಯೇ ಬೇರೆ. ಅಳತೆ ನೋಡಿ ನಾಲಗೆ ಕೊಯ್ದರೆ ಅದು ಕೆಲಸ ಕಲಿಯುವವನ ಕೆಲಸ. ಬಲ್ಲವನು ಬಾಯನ್ನು ಮೊದಲು ಕೊರೆದು, ನಾಲಗೆಯನ್ನು ಆ ಬಾಯಿಗೇ ತಂದು ತಂದು ನೋಡಿ, ಎಲ್ಲಿ ತಡೆಯುತ್ತದೋ ಅಲ್ಲಷ್ಟೇ ಒಂದು ಎಳೆ ಸವರಿ, ಒಂದಕ್ಕೊಂದು ಮದುವೆ ಮಾಡಿಸುತ್ತಾನೆ. ನಲವತ್ತೆಂಟು ನಾಲಗೆಗೂ ಅಜ್ಜ ಹಾಗೇ ಮಾಡಿದ. ಮುಗಿದ ದಿನ ಹನ್ನೆರಡೂ ಮಣೆಗಳನ್ನು ಕೂಡಿಸಿ, ನಟ್ಟನಡುವೆ ಅಂಚಿನ ತನಕ ನೀರು ತುಂಬಿದ ಲೋಟ ಇಟ್ಟು, ಸೋದರಸೊಸೆಗೆ ಕುಣಿ ಎಂದ. ಅವಳು ಕುಣಿದಳು, ಲೋಟದ ನೀರು ನಡುಗಿತೇ ವಿನಾ ಚೆಲ್ಲಲಿಲ್ಲ. ‘ನಮ್ಮ ತಾತ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ, ಹೌದೋ ಅಲ್ಲವೋ?’ ಎಂದ ಅಜ್ಜ, ಅಂದು ಎರಡು ಸಲ ‘ಹೌದು’ ಎಂದ.

ಮೊದಲ ಪ್ರಯೋಗ ಆಸ್ಪತ್ರೆಯ ಅಂಗಳದಲ್ಲಿ, ಸಂಜೆ ನಾಲ್ಕಕ್ಕೆ. ತಂಡದವರು ವ್ಯಾನಿನಿಂದ ಕೈಗೆ ಸಿಕ್ಕ ಮಣೆಯನ್ನು ಇಳಿಸಿ ಕೈಗೆ ಸಿಕ್ಕಲ್ಲಿ ಇಟ್ಟರು. ಎರಡನೆಯದು ಮೊದಲನೆಯದಕ್ಕೆ ಜಪ್ಪಯ್ಯ ಎಂದರೂ ಕೂರಲಿಲ್ಲ. ಗಡಿಯಾರದವನು ಗುದ್ದಿದ, ಮೇಲೆ ಹತ್ತಿ ನಿಂತ.

“ಅಯ್ಯೋ, ಕೊಲ್ಲಬೇಡಪ್ಪ ಅದನ್ನ!” ಅಜ್ಜ ಓಡಿಬಂದ. “ಇದರ ಜೋಡಿ ಅದಲ್ಲ. ಇದರ ಜೋಡಿ ವ್ಯಾನಿನಲ್ಲಿ ತಳದಲ್ಲಿದೆ.”

“ಯಾವುದರ ಜೋಡಿ ಯಾವುದು ಅಂತ ಬರೆದಿಲ್ಲವಲ್ಲ, ಯಜಮಾನರೇ!”

“ಹೆತ್ತ ಮಕ್ಕಳ ಹಣೆ ಮೇಲೆ ಯಾರಾದರೂ ಹೆಸರು ಬರೀತಾರೇನ್ರೀ?”

ಮರದ ಎಳೆ ನೋಡಿಯೇ ಹನ್ನೆರಡನ್ನೂ ಗುರುತಿಸಬಲ್ಲವನು ಅವನೊಬ್ಬನೇ. ಅವನು ಒಂದೊಂದನ್ನೇ ಸವರಿ, ಯೋಚಿಸಿ, ಹುಡುಕಿ ಕೂಡಿಸುವ ಹೊತ್ತಿಗೆ ಒಂದೂವರೆ ಗಂಟೆ ಕಳೆದು, ಏಳೇ ಮಣೆ ಕೂತಿದ್ದವು. ಬಂದವರಲ್ಲಿ ಅರ್ಧ ಜನ ಎದ್ದುಹೋದರು. ಉಳಿದವರಿಗಾಗಿ ನಾಟಕವನ್ನು ಮತ್ತೆ ನೆಲದ ಮೇಲೇ ಆಡಿದರು. ಅಜ್ಜ ಮಾತ್ರ ಏಳು ಮಣೆಯ ಪಕ್ಕದಲ್ಲಿ ಮುಖ ಕೆಳಗೆ ಹಾಕಿ ನಿಂತಿದ್ದ.

ಮಾರನೆಯ ದಿನ ಸೊಸೆ ಬಂದಳು. ಈ ಸಲ ಪೆಟ್ಟಿಗೆಯ ಮೇಲೆ ಕೂರಲಿಲ್ಲ.

“ಮಾವ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ಮೊದಲನೇ ಭಾನುವಾರ ಗ್ರಂಥಾಲಯದ ಬಯಲಲ್ಲಿ ಆಟ ಇದೆ. ಅವತ್ತಿಗೆ ಕಬ್ಬಿಣದ್ದು ತರೋದು ಅಂತ ಎಲ್ಲರೂ ಹೇಳ್ತಿದ್ದಾರೆ. ಅದರಲ್ಲಿ ಯಾವ ತುಂಡನ್ನ ಎಲ್ಲಿಟ್ಟರೂ ಕೂರುತ್ತಂತೆ.”

“ಎಲ್ಲಿಟ್ಟರೂ ಕೂರೋದು ಕೀಲಲ್ಲ ಕಣೇ, ಅದು ಬಸ್ಸಿನ ಸೀಟು!”

“ನಮಗೆ ಬೇಕಾಗಿರೋದೂ ಅದೇ ಅಲ್ವಾ, ಮಾವ?” ಎಂದು ಮೆಲ್ಲಗೆ ಹೇಳಿ ಹೊರಟುಹೋದಳು.

ಅಜ್ಜ ಮೂರು ದಿನ ಉಳಿ ಮುಟ್ಟಲಿಲ್ಲ. ಹನ್ನೆರಡು ಮಣೆ ಗೋಡೆಗೆ ಒರಗಿ ನಿಂತಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ, ಕಿಟಕಿಯ ಬಳಿ ಕೂತು ಅವನ ಅಂಗಿಗೆ ಕಾಜ ಹೊಲಿಯುತ್ತಿದ್ದ ಅಜ್ಜಿ, ಸೂಜಿಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು:

“ರೀ, ನಾನು ಕಾಜ ಹಾಕೋವಾಗ ಗುಂಡಿಗಿಂತ ಒಂದೆಳೆ ದೊಡ್ಡದಾಗಿ ಹಾಕ್ತೀನಿ. ನಿಮ್ಮ ಕೀಲಿನ ಹಾಗೆ ಬಿಗಿಯಾಗಿ ಹಾಕಿದ್ದಿದ್ದರೆ ನಲವತ್ತು ವರ್ಷದಿಂದ ಬರೀ ಮೈಯಲ್ಲಿ ತಿರುಗ್ತಿದ್ದಿರಿ.”

“ಬಟ್ಟೆ ಬೇರೆ, ಮರ ಬೇರೆ.”

“ಹೌದೋ ಅಲ್ಲವೋ?” ಎಂದಳು ಅಜ್ಜಿ. ಅವಳು ಹೌದು ಎನ್ನಲಿಲ್ಲ, ಅವನೂ ಎನ್ನಲಿಲ್ಲ.

ಆದರೆ ಮಾತು ನಾಟಿತ್ತು. ಕಾಜದಲ್ಲಿ ಸಡಿಲವಾಗಿ ತೂರಿದ ಗುಂಡಿ, ಎದೆ ಉಬ್ಬಿಸಿದರೆ ಬಿಗಿಯುತ್ತದೆ ಎಂಬುದನ್ನು ಅವನು ಅಂದು ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು ಐದಾರು ಸಲ ಪರೀಕ್ಷಿಸಿದ್ದನ್ನು ಅಜ್ಜಿ ಬಾಗಿಲ ಸಂದಿಯಿಂದ ನೋಡಿದಳು. ಬರುವಾಗ ಸಡಿಲ, ಬಂದ ಮೇಲೆ ಬಿಗಿ. ಹಾಗಾದರೆ ನಾಲಗೆಯನ್ನು ಸಡಿಲವಾಗಿ ಇಳಿಸಿ, ಕೆಳಗಿನಿಂದ ಒಂದು ಬೆಣೆ ಹೊಡೆದರೆ? ಹೊಡೆದಷ್ಟೂ ಬಿಗಿ, ಸಪೂರ ತುದಿಯ ಕಡೆಯಿಂದ ತಟ್ಟಿದರೆ ಬಿಡುಗಡೆ.

ದಾರಿಯೇನೋ ಸಿಕ್ಕಿತು, ಕೈ ಬರಲಿಲ್ಲ. ಇದ್ದ ನಾಲಗೆಗಳಲ್ಲಿ ಅತಿ ತೆಳುವಾದದ್ದು ಯಾವುದೋ ಅದರ ಅಳತೆಗೆ ಮಿಕ್ಕ ನಲವತ್ತೇಳನ್ನೂ ಇಳಿಸಬೇಕು. ಬಾಯಿಗಳಲ್ಲಿ ಅತಿ ಅಗಲವಾದದ್ದರ ಅಳತೆಗೆ ಉಳಿದವನ್ನೆಲ್ಲ ಹಿಗ್ಗಿಸಬೇಕು. ಅದರ ಮೇಲೆ ಒಂದು ಅಂಚೆಕಾರ್ಡಿನಷ್ಟು ಸಂದು ಬೇರೆ ಬಿಡಬೇಕು. ಗಾಳಿಗೂ ದಾರಿ ಕೊಡದವರ ಮೊಮ್ಮಗ ಅಂಚೆಕಾರ್ಡಿಗೆ ದಾರಿ ಕೊಡುವುದೆಂದರೇನು! ಉಳಿ ಹಿಡಿದವನು ಮತ್ತೆ ಕೆಳಗಿಟ್ಟ. ಕೊನೆಗೆ ಎದ್ದು, ಕೋಟು ಬಿಚ್ಚಿ, ತಾತನ ಪೆಟ್ಟಿಗೆಯ ಮೇಲೆ ಪೂರ್ತಿ ಹೊದಿಸಿದ. ತಾತ ನೋಡದ ಹಾಗೆ ಮರೆಮಾಡಿದ ಮೇಲೆಯೇ ಮೊದಲ ನಾಲಗೆಗೆ ಉಳಿ ಬಿದ್ದದ್ದು. ಹದಿನೆಂಟು ದಿನ ಆ ಕೋಟು ಅಲ್ಲೇ ಇತ್ತು. ಅವನು ಅಂಗಿಯಲ್ಲೇ ಓಡಾಡುವುದನ್ನು ಕಂಡ ಬೀದಿಯವರು ಅಜ್ಜನಿಗೆ ಜ್ವರವೇ ಎಂದು ಅಜ್ಜಿಯನ್ನು ವಿಚಾರಿಸಿದರು. “ಜ್ವರ ಅಲ್ಲ, ಬುದ್ಧಿ ಬರ್ತಿದೆ. ಬರೋವಾಗ ಮೈ ಬಿಸಿಯಾಗುತ್ತಲ್ಲ,” ಎಂದಳು ಅವಳು.

ಗ್ರಂಥಾಲಯದ ಬಯಲಿನ ಆಟದ ಆ ಭಾನುವಾರ ಸೊಸೆ ತಂಡದವರನ್ನು ಒಪ್ಪಿಸಿದ್ದು ಒಂದು ಕರಾರಿನ ಮೇಲೆ: ಜೋಡಿಸುವುದು ತಂಡ, ಅಜ್ಜ ಕೈ ಹಾಕಕೂಡದು; ಅರ್ಧ ಗಂಟೆಯಲ್ಲಿ ಮುಗಿಯದಿದ್ದರೆ ಅಂದಿನಿಂದ ಕಬ್ಬಿಣವೇ ಗತಿ. ಹೊತ್ತು ನೋಡುವವನು ಗಡಿಯಾರದವನು. ಅವನ ಕೈಯಲ್ಲಿ ಮೂರು ಗಡಿಯಾರಗಳಿದ್ದವು. ಅಜ್ಜ ಮುಂದಿನ ಸಾಲಿನ ಕುರ್ಚಿಯಲ್ಲಿ, ಎರಡೂ ಕೈಯನ್ನು ತೊಡೆಯಡಿಗೆ ಹಾಕಿಕೊಂಡು ಕೂತ. ಪಕ್ಕದಲ್ಲಿ ಅಜ್ಜಿ ಅವನ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ತಂಡದವರು ಅಜ್ಜನ ಲೆಕ್ಕದ ಹನ್ನೊಂದನೆಯ ಮಣೆಯ ಪಕ್ಕಕ್ಕೆ ಎರಡನೆಯದನ್ನು ಇಟ್ಟರು. ಕೂತಿತು. ಐದನೆಯದನ್ನು ಹಿಂದುಮುಂದಾಗಿ ಇಟ್ಟರು. ಅದೂ ಕೂತಿತು. ಪ್ರತಿ ಸಲ ಮಣೆ ಇಳಿದಾಗಲೂ ಅಜ್ಜ ಕುರ್ಚಿಯಿಂದ ಅರ್ಧ ಎದ್ದು, ಅಜ್ಜಿ ಕೋಟು ಜಗ್ಗಿದ ಮೇಲೆ ಮತ್ತೆ ಕೂರುತ್ತಿದ್ದ. “ಉಲ್ಟಾ ಇಟ್ಟಿದ್ದಾರೆ ಕಣೇ,” ಎಂದು ಪಿಸುಗುಟ್ಟಿದ. “ಕೂತಿದೆಯಲ್ಲ, ಸುಮ್ಮನಿರಿ,” ಎಂದಳು ಅಜ್ಜಿ. “ಕೂತಿದೆ, ಅದಕ್ಕೇ ಹೇಳಿದ್ದು,” ಎಂದ ಅಜ್ಜ, ಅಳುವುದೋ ನಗುವುದೋ ತೋಚದವನಂತೆ. ಬೆಣೆ ಹೊಡೆಯುವ ಟಕಟಕ ಸದ್ದು ಮುಗಿದಾಗ ಗಡಿಯಾರದವನು ಮೂರೂ ಗಡಿಯಾರ ನೋಡಿ, ಮೂರೂ ಒಂದೇ ಹೊತ್ತು ಹೇಳಿದ್ದರಿಂದ ಬೇರೆ ದಾರಿಯಿಲ್ಲದೆ ಕೂಗಿದ: “ಇಪ್ಪತ್ತೆರಡು ನಿಮಿಷ!”

ನಾಟಕ ಹೇಗಿತ್ತೆಂದು ಆಮೇಲೆ ಯಾರು ಕೇಳಿದರೂ ಅಜ್ಜನಿಗೆ ಹೇಳಲಾಗಲಿಲ್ಲ. ಎರಡು ಗಂಟೆಯೂ ಅವನು ಕತ್ತು ತಗ್ಗಿಸಿ ಮಣೆಗಳ ಕಾಲನ್ನೇ ನೋಡಿದ್ದ. ಸೇನಾಪತಿ ದಾಪುಗಾಲು ಹಾಕಿದಾಗ ಒಂದು ಕಾಲೂ ಅಲುಗಲಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಾದ ಕಥೆ.

ತಮ್ಮ ಕೈಗಷ್ಟೇ ಪಳಗುವ ವಸ್ತುವನ್ನು ಮಾಡುವವರು ಲೋಕದಲ್ಲಿ ಬಹಳ. ಆ ಬಿಗಿಯಲ್ಲಿ ಅವರಿಗೆ ಸುಖವುಂಟು, ವಸ್ತು ಮತ್ತೆ ಮತ್ತೆ ತಮ್ಮನ್ನೇ ಕರೆಯುತ್ತದೆಂಬ ಹೆಮ್ಮೆಯುಂಟು. ಯಾರ ಕೈಗಾದರೂ ಒಗ್ಗುವಂತೆ ಮಾಡಿ, ತಮ್ಮ ಅಗತ್ಯವನ್ನು ತಾವೇ ಕೆತ್ತಿ ತೆಗೆಯುವವರು ವಿರಳ. ಅಂಥವರು ಸೋತವರಲ್ಲ, ಆದರೆ ಗೆದ್ದ ದಿನವೂ ಅವರ ಮುಖದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿ ಬಂದವರ ಕಳೆಯೊಂದು ಇರುತ್ತದೆ, ಮತ್ತು ಆ ದಿನ ಅವರೊಡನೆ ಮಾತಾಡುವವರು ತುಸು ತಾಳ್ಮೆಯಿಂದಿರಬೇಕು.

ಆಟ ಮುಗಿದು ಜನ ಚೆದುರಿದ ಮೇಲೆ ಅಜ್ಜ ಬೆಣೆಗಳನ್ನು ತಟ್ಟಿ ಬಿಡಿಸಿ, ಮೊದಲ ಮಣೆಯನ್ನು ಒಬ್ಬನೇ ಎದೆಗೊತ್ತಿಕೊಂಡು ವ್ಯಾನಿನ ಕಡೆ ಹೊರಟ. ಮುಖದ ಬಣ್ಣ ಇನ್ನೂ ಒರೆಸದ ಗಡಿಯಾರದವನು, ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಿಬಂದು ಇನ್ನೊಂದು ತುದಿಗೆ ಕೈ ಹಾಕಿದ.

“ಬಿಡಿ ಸ್ವಾಮಿ, ಬಿಡಿ,” ಎಂದ ಅಜ್ಜ. “ರಾಜರು ಮಣೆ ಹೊರಬಾರದು. ಹೋಗಿ ಮುಖ ತೊಳಕೊಳ್ಳಿ. ಹನ್ನೆರಡನ್ನೂ ನಾನೇ ಇಡ್ತೀನಿ. ನೀವು ಹೇಗಿಟ್ಟರೂ ಕೂರುತ್ತೆ ಅಂತ ನನಗೆ ಗೊತ್ತು. ಇವತ್ತೊಂದು ದಿನ ಅದನ್ನ ನನ್ನ ಕಣ್ಣಿಗೆ ತೋರಿಸಬೇಡಿ.”