ಏಳರ ಮುಂದಿನ ನಂಬರು

“ಎಪ್ಪತ್ತೊಂದನೇ ನಂಬರಿನವರು ಒಳಗೆ ಬನ್ನಿ,” ಎಂದು ಮೇಜಿನ ಮೇಲಿನ ಕಂಪ್ಯೂಟರು ಇಂಪಾಗಿ ಕರೆಯಿತು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತವರೆಲ್ಲ ತಂತಮ್ಮ ಚೀಟಿ ನೋಡಿಕೊಂಡರು. ಏಳನೆಯವರು ಈಗಷ್ಟೇ ಹತ್ತಿ ಕಚ್ಚಿಕೊಂಡು ಹೊರಗೆ ಹೋಗಿದ್ದರು. ಎಂಟನೆಯವನು ಬಸ್ ಡ್ರೈವರು. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಪಾಪ, ಅರ್ಧ ಎದ್ದವನು ಹಾಗೆಯೇ ನಿಂತ.

“ಏಳಾದ್ಮೇಲೆ ಎಪ್ಪತ್ತೊಂದಾ? ನನ್ನ ಸರದಿ ಬರೋ ಹೊತ್ತಿಗೆ ಹಲ್ಲು ತಾನಾಗೇ ಉದುರಿರುತ್ತೆ!”

ಮೇಜಿನ ಹಿಂದೆ ಕೂತಿದ್ದ ಗಂಟೆಯಕ್ಕ ಪರದೆಯತ್ತ ಬಗ್ಗಿದಳು. ಸರದಿ ಕರೆಯುವುದೇ ಅವಳ ಕೆಲಸ. ಗಂಟೆಯಕ್ಕ ಎಂಬ ಹೆಸರು ಅವಳ ದನಿ ಕೇಳಿ ಜನ ಇಟ್ಟದ್ದು. ಅವಳು ಒಮ್ಮೆ ಕೂಗಿದರೆ ಎದುರಿನ ಔಷಧಿ ಅಂಗಡಿಯ ಗಿರಾಕಿಗಳೂ ಎದ್ದು ಬರುತ್ತಿದ್ದರಂತೆ. ಆ ದನಿಯೇ ಈಗ ಕೈಕೊಟ್ಟಿತ್ತು. ಗಂಟಲಿನ ಡಾಕ್ಟರು “ತಿಂಗಳುಗಟ್ಟಲೆ ಪಿಟ್ಟೆನ್ನಬಾರದು” ಎಂದಿದ್ದರು. ಅದಕ್ಕೇ ತನ್ನ ಬದಲು ಸರದಿ ಕರೆಯುವುದನ್ನು ಅವಳು ತಾನೇ ಕಂಪ್ಯೂಟರಿಗೆ ಕಲಿಸಿದ್ದಳು. ಹಲ್ಲಿನ ಡಾಕ್ಟರು ಒಳ್ಳೆಯವರೇ, ಆದರೆ ಅವರಿಗೂ ಕೆಲಸ ನಡೆಯಬೇಕಲ್ಲ. “ಇವತ್ತು ಮಧ್ಯಾಹ್ನದೊಳಗೆ ನಿಮ್ಮ ಕಂಪ್ಯೂಟರು ಸರಿಯಾಗಿ ಕರೆದ್ರೆ ಸರಿ. ಇಲ್ಲಾಂದ್ರೆ ಸೋಮವಾರದಿಂದ ನನ್ನ ನಾದಿನಿ ಬರ್ತಾಳೆ, ಏನೂ ಅಂದ್ಕೋಬೇಡಿ,” ಎಂದುಬಿಟ್ಟಿದ್ದರು.

ನಾದಿನಿ ಆಗಲೇ ಬಂದಾಗಿತ್ತು. ಹಲ್ಲುನೋವಿನ ನೆಪ ಹೇಳಿ ಒಂಬತ್ತನೇ ಚೀಟಿ ತೆಗೆದುಕೊಂಡು, ತನ್ನ ಹ್ಯಾಂಡ್‌ಬ್ಯಾಗನ್ನು ಗಂಟೆಯಕ್ಕನ ಮೇಜಿನ ಮೇಲೆಯೇ ಇಟ್ಟು ಬೆಂಚಿನಲ್ಲಿ ಕೂತಿದ್ದಳು. ಮದುವೆಗೆ ಮುಂಚೆಯೇ ತೊಟ್ಟಿಲು ಕೊಳ್ಳುವ ಪೈಕಿ.

“ಈ ಫ್ಯಾನು ಕುರ್ಚಿ ಕಡೆ ತಿರುಗಲ್ವಾ ಅಕ್ಕಾ?” ಎಂದು ಬೇರೆ ಕೇಳಿದಳು.

ಗಂಟೆಯಕ್ಕನಿಗೆ ಮೈ ಉರಿಯಿತು. ಬಾಯಿ ಬಿಡುವಂತಿರಲಿಲ್ಲ.

ಬಾಗಿಲ ಸಂದಿಯಿಂದ ಡಾಕ್ಟರು ಗ್ಲೌಸು ಹಾಕಿದ ಕೈ, ಆಮೇಲೆ ತಲೆ ಹೊರಹಾಕಿದರು. “ಏನಮ್ಮಾ, ಎಪ್ಪತ್ತು ಜನ ಬಂದಿದ್ದಾರಾ?” ಅವರ ದನಿಯಲ್ಲಿ ಗಾಬರಿಗಿಂತ ಆಸೆಯೇ ಹೆಚ್ಚಿತ್ತು. ಬೆಂಚಿನ ಮೇಲಿದ್ದ ನಾಲ್ಕೇ ನಾಲ್ಕು ಮುಖ ಕಂಡು, ತಲೆಯನ್ನು ಒಳಗೆಳೆದುಕೊಂಡರು.

ಏನೋ ಎಡವಟ್ಟಾಗಿರಬೇಕು ಎಂದುಕೊಂಡು ಗಂಟೆಯಕ್ಕ ಕಂಪ್ಯೂಟರಿನ ‘ಮುಂದಿನವರು’ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು.

“ಏಳುನೂರ ಹನ್ನೊಂದನೇ ನಂಬರಿನವರು ಒಳಗೆ ಬನ್ನಿ.”

“ಅದು ನನ್ನ ಬಸ್ಸಿನ ನಂಬರು ಕಣಮ್ಮಾ!” ಡ್ರೈವರು ಕೆನ್ನೆ ಹಿಡಿದುಕೊಂಡೇ ಅರಚಿದ. ನಾದಿನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಗಂಟೆಯಕ್ಕನಿಗೆ ಅಳು ಬಂತು. ಸಂಜೆಯ ಕಂಪ್ಯೂಟರ್ ತರಗತಿಗೆ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಕೂತು ಕಲಿತದ್ದು ಇದಕ್ಕೇನಾ? ಮೇಜಿನ ಸ್ಲೇಟು ತೆಗೆದು ‘ಎರಡು ನಿಮಿಷ’ ಎಂದು ಬರೆದು ಎತ್ತಿ ತೋರಿಸಿದಳು.

“ಎರಡಾ, ಇಪ್ಪತ್ತೊಂದಾ?” ಎಂದ ಡ್ರೈವರು.

ಅವಳು ನಗಲಿಲ್ಲ, ಆದರೆ ಬರೆದ ಕೈ ಅಲ್ಲೇ ನಿಂತಿತು. ಏಳು, ಎಪ್ಪತ್ತೊಂದು, ಏಳುನೂರ ಹನ್ನೊಂದು. ಒತ್ತಿದಾಗಲೆಲ್ಲ ಕಂಪ್ಯೂಟರು ಲೆಕ್ಕ ಮಾಡುತ್ತಿಲ್ಲ, ಬಾಲಕ್ಕೆ ಒಂದೊಂದು ಒಂದನ್ನು ಅಂಟಿಸುತ್ತಿದೆ!

ತಪ್ಪು ಎಲ್ಲಿ ಹುಟ್ಟಿತು ಅನ್ನುವುದೂ ಹೊಳೆಯಿತು. ಮೊನ್ನೆ ಮನೆಯಲ್ಲಿ ‘ನೇ ನಂಬರಿನವರು ಒಳಗೆ ಬನ್ನಿ’ ಎಂಬ ಮಾತಿನ ಮುಂದೆ ಬರಿಯ ಅಂಕಿ ಇಟ್ಟಾಗ, ಅಂಕಿಗೂ ಪದಕ್ಕೂ ಕೂಡಿಬರುವುದಿಲ್ಲ ಎಂದು ಕಂಪ್ಯೂಟರು ಕೆಂಪಗೆ ಗದರಿತ್ತು. ಅಂಕಿಯನ್ನೂ ಪದವಾಗಿಸಿದರೆ ಅದು ಸುಮ್ಮನಾಗುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಮದ್ದು ಸಿಕ್ಕಿತೆಂಬ ಹುರುಪಿನಲ್ಲಿ, ಅಂಕಿ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಅದನ್ನು ಪದ ಮಾಡಿಬಿಟ್ಟಿದ್ದಳು. ‘ಮುಂದಿನವರು’ ಗುಂಡಿ ಮಾಡಿದ್ದು ಇವತ್ತು ಬೆಳಿಗ್ಗೆ, ತಿಂಡಿ ತಿನ್ನುತ್ತಾ. ಒತ್ತಿ ನೋಡುವಷ್ಟು ಪುರುಸೊತ್ತಿರಲಿಲ್ಲ; ಏಳರವರೆಗೂ ಒಂದೊಂದೇ ಅಂಕಿ ಬರೆದೇ ಕರೆಸಿದ್ದಳು. ಪದವಾದ ಏಳಕ್ಕೆ ಲೆಕ್ಕ ಎಲ್ಲಿಂದ ಬರಬೇಕು? ಒಂದು ಕೂಡಿಸು ಎಂದರೆ ಪಕ್ಕಕ್ಕೆ ಒಂದು ಅಂಟಿಸುತ್ತದೆ, ಅಷ್ಟೇ. ಹಿಟ್ಟು ಕಲಸುವ ಮೊದಲೇ ಒಲೆಗಿಟ್ಟ ಹಾಗಾಗಿತ್ತು.

‘ಥೂ, ನನ್ನ ಬುದ್ಧಿಗಿಷ್ಟು,’ ಎಂದು ಮನಸ್ಸಿನಲ್ಲೇ ಬೈದುಕೊಂಡು, ಅಂಕಿಯನ್ನು ಪದ ಮಾಡುವ ಆ ಸಾಲನ್ನು ಮೇಲಿಂದ ಕಿತ್ತು ಕೆಳಗಿಟ್ಟಳು. ಮೊದಲು ಲೆಕ್ಕ ಮುಗಿಯಲಿ, ಪದವಾಗುವುದು ಆಮೇಲೆ. ಮತ್ತೆ ಏಳು ಬರೆದಳು. ಒತ್ತಿದಳು.

“ಎಂಟನೇ ನಂಬರಿನವರು ಒಳಗೆ ಬನ್ನಿ.”

“ಬದುಕಿದೆ!” ಎಂದು ಡ್ರೈವರು ಒಳಗೆ ಓಡಿದ. ಸ್ವಲ್ಪ ಹೊತ್ತಿನಲ್ಲಿ ಅವನೂ ಹತ್ತಿ ಕಚ್ಚಿಕೊಂಡು ಹೊರಬಂದ. ಸ್ಲೇಟು ಎತ್ತಿಕೊಂಡು ‘ಭೇಷ್’ ಎಂದು ಗೀಚಿ, ಅವಳ ಮುಂದಿಟ್ಟು ಹೋದ.

“ಒಂಬತ್ತನೇ ನಂಬರಿನವರು ಒಳಗೆ ಬನ್ನಿ.”

ಯಾರೂ ಏಳಲಿಲ್ಲ. ಕಂಪ್ಯೂಟರು ಇನ್ನೊಮ್ಮೆ ಕರೆಯಿತು. ಡಾಕ್ಟರೇ ಬಾಗಿಲಿಗೆ ಬಂದರು.

“ಒಂಬತ್ತು ನೀನೇ ಅಲ್ವೇನೇ? ಬಾ.”

“ಅಯ್ಯೋ, ಈಗ ನೋವಿಲ್ಲ ಭಾವ. ನಾನು ಸುಮ್ನೆ...”

“ಬಂದಿದ್ದೀಯಲ್ಲ, ನೋಡೇ ಬಿಡೋಣ.” ಅವಳನ್ನು ಮುಂದೆ ಬಿಟ್ಟುಕೊಂಡು, ಬಾಗಿಲು ಹಾಕುವ ಮುನ್ನ ಅವರು ಗಂಟೆಯಕ್ಕನ ಕಡೆ ತಿರುಗಿದರು. “ಸೋಮವಾರ ಸ್ವಲ್ಪ ಬೇಗ ಬನ್ನಿ ಅಮ್ಮಾ, ಜನ ಜಾಸ್ತಿ ಇರ್ತಾರೆ.”

ಗಂಟೆಯಕ್ಕ ತಲೆಯಾಡಿಸಿದಳು.

ಒಳಗೆ ಕೊರೆಯುವ ಯಂತ್ರ ಗುಂಯ್ ಎಂದಿತು. “ಇದೇನೇ, ಇಷ್ಟು ದೊಡ್ಡ ತೂತು!” ಎಂದು ಡಾಕ್ಟರ ದನಿ ಕೇಳಿತು. ಗಂಟೆಯಕ್ಕ ಮೇಜಿನ ಮೇಲಿದ್ದ ಹ್ಯಾಂಡ್‌ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ, ಧೂಳು ಒರೆಸಿ, ಒಂಬತ್ತನೆಯವಳು ಎದ್ದುಹೋದ ಜಾಗದಲ್ಲಿ ಜೋಪಾನವಾಗಿ ಇಟ್ಟು ಬಂದು ಕೂತಳು. ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ದನಿ ಹೊರಡಿಸದೆ, ತುಟಿಯಲ್ಲಷ್ಟೇ ‘ಹತ್ತನೇ ನಂಬರಿನವರು’ ಎಂದು ಒಮ್ಮೆ ಹೇಳಿ ನೋಡಿಕೊಂಡಳು.