ಹೊನ್ನೆಮರದ ಕವಲಿನ ಮಟ್ಟ

ಈ ವೃತ್ತಾಂತವನ್ನು ನನಗೆ ಹೇಳಿದವರು ಮೂವರು: ಕಡವಿನ ಮೂಸಾ (ಊರವರಿಗೆ ‘ಮೂಸಾಕ’), ಅವರ ನೆರೆಮನೆಯ ಸೇಸಮ್ಮ, ಸೇಸಮ್ಮನವರ ಮಗ ಜಿತೇಶ. ಮೂವರೂ ತುಳುವಿನಲ್ಲಿ ಹೇಳಿದರು. ಮೂಸಾ ನಡುನಡುವೆ ಬ್ಯಾರಿ ಭಾಷೆಗೆ ಹೊರಳುತ್ತಿದ್ದರು. ಅವರ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಹೇಳಿಕೆಗಳು ಬೇರೆಯಾಗುವ ಕಡೆಗಳಲ್ಲಿ ಅದನ್ನು ಸೂಚಿಸಿದ್ದೇನೆ.

ವೇಣೂರಿನಿಂದ ಫಲ್ಗುಣಿ ಹೊಳೆಯ ಬದಿಯಲ್ಲೇ ಕೆಳಕ್ಕೆ ನಡೆದರೆ ಕಡವುಗುಡ್ಡೆ ಸಿಗುತ್ತದೆ. ಹಿಂದೆ ಅಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಕಡವು ಇತ್ತು. ದೋಣಿ ಮೊದಲು ಮೂಸಾ ಅವರ ತಂದೆಯದು, ಆಮೇಲೆ ಮೂಸಾ ಅವರದು. ರಸ್ತೆ ಬಂದು ದೋಣಿ ನಿಂತ ಮೇಲೆ ಅವರು ಬಸ್ಸು ನಿಲ್ಲುವಲ್ಲಿ ಒಂದು ಗೂಡಂಗಡಿ ಇಟ್ಟುಕೊಂಡರು.

ಆ ಊರಿನಲ್ಲಿ ನೆರೆಯ ಕಥೆಯೊಂದು ಪ್ರಚಲಿತವಾಗಿತ್ತು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆಟಿ ತಿಂಗಳ ಜಡಿಮಳೆಯಲ್ಲಿ ಹೊಳೆ ಉಕ್ಕಿದಾಗ ಇಪ್ಪತ್ತೆರಡರ ಪ್ರಾಯದ ಮೂಸಾ ತಗ್ಗಿನ ಮನೆಗಳವರನ್ನು ದೋಣಿಯಲ್ಲಿ ಗುಡ್ಡಕ್ಕೆ ಸಾಗಿಸಿದರು. ಕೊನೆಯ ಮನೆ ಪೂವಕ್ಕನದು. ಆಕೆ ತನ್ನ ಮೂವರು ಮಕ್ಕಳನ್ನು ದೋಣಿಗೆ ಹತ್ತಿಸಿ, ಇನ್ನು ಜಾಗವಿಲ್ಲವೆಂದು ತಾನು ಅಟ್ಟದಲ್ಲಿ ಉಳಿದಳು. ಮೂಸಾ ಮರಳುವಷ್ಟರಲ್ಲಿ ನೀರು ಕಿಟಕಿಯ ದಂಡೆ ಮುಟ್ಟಿತ್ತು. ಅವರು ನೋಡುತ್ತಿದ್ದಂತೆ ಮಣ್ಣಿನ ಗೋಡೆ ಒಮ್ಮೆಗೇ ಕುಸಿಯಿತು, ಆಕೆಗೆ ಏನಾಯಿತೆಂದು ತಿಳಿಯುವಷ್ಟು ಸಮಯವೂ ಸಿಗಲಿಲ್ಲ. ಕಥೆ ಇಷ್ಟು. ಆ ಮೂವರು ಮಕ್ಕಳಲ್ಲಿ ಹಿರಿಯಳು ಸೇಸಮ್ಮ. ಆಗ ಅವರಿಗೆ ಹದಿನಾಲ್ಕು. ತಗ್ಗಿನ ಮನೆಗಳೆಲ್ಲ ಮಣ್ಣಿನವಾದ್ದರಿಂದ ಒಂದೂ ನಿಲ್ಲಲಿಲ್ಲ. ನೀರು ಏರಿದ ಎತ್ತರವನ್ನು ಕಣ್ಣಾರೆ ಕಂಡವರು ಮೂಸಾ ಒಬ್ಬರೇ. ‘ನೀರು ಕಿಟಕಿಯ ದಂಡೆಗೆ’ ಎಂಬ ಅವರ ಮಾತು ಐವತ್ತು ವರ್ಷ ಊರಿನ ಮಾತಾಗಿ ಉಳಿಯಿತು.

ಬಂಟ್ವಾಳದಿಂದ ಬೆಳ್ತಂಗಡಿ, ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ರೈಲು ಬೇಕೆಂದು ಹೋರಾಡುವ ಸಮಿತಿಗೆ ಜಿತೇಶ ಹನ್ನೊಂದು ವರ್ಷಗಳಿಂದ ಕಾರ್ಯದರ್ಶಿ. ವೇಣೂರಿನ ಪೇಟೆಯಲ್ಲಿ ಅವನಿಗೆ ಜೆರಾಕ್ಸ್ ಅಂಗಡಿಯುಂಟು. ಸಮಿತಿಯ ಅರ್ಜಿಗಳೆಲ್ಲ ಅಲ್ಲೇ ಟೈಪಾಗುತ್ತಿದ್ದವು. ಕಳೆದ ವರ್ಷ ಸರ್ವೆ ನಡೆಯಿತು. ಒಟ್ಟು ವೆಚ್ಚ ಒಂಬೈನೂರು ಕೋಟಿ ಮೀರದಿದ್ದರೆ ಅರ್ಧ ಪಾಲನ್ನು ತಾನು ಕೊಡುವುದಾಗಿ ರಾಜ್ಯ ಸರ್ಕಾರ ಬರೆದಿತ್ತು. ಹೊಳೆಯ ಮೇಲಿನ ಸೇತುವೆ ಎಷ್ಟು ಎತ್ತರವಿರಬೇಕೆಂದು ನಿರ್ಧರಿಸಲು ಗರಿಷ್ಠ ನೆರೆಮಟ್ಟ ತಿಳಿದಿರಬೇಕು. ಆ ಭಾಗದಲ್ಲಿ ನೀರಳೆದ ದಾಖಲೆಗಳಿರಲಿಲ್ಲ. ಅಂಥ ಕಡೆಗಳಲ್ಲಿ ಎಂಜಿನಿಯರುಗಳು ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳುವ ರೂಢಿಯುಂಟು. ಅಂದಾಜುಪಟ್ಟಿ ತಯಾರಿಸುತ್ತಿದ್ದ ವಿಜೇತಾ ಎಂಬ ಯುವ ಎಂಜಿನಿಯರು ಕಡವುಗುಡ್ಡೆಗೆ ಬಂದ ದಿನ ಮೂಸಾ ಮದುವೆಯೊಂದಕ್ಕೆ ಪಾಣೆಮಂಗಳೂರಿಗೆ ಹೋಗಿದ್ದರು. ಸಮಿತಿಯವರೇ ಪೂವಕ್ಕನ ಹಳೆಯ ಮನೆಯ ಕಲ್ಲಿನ ಅಡಿಪಾಯದ ಮೇಲೆ ನಿಂತು, ಕಿಟಕಿ ಇದ್ದ ಎತ್ತರವನ್ನು ಕೈಯಿಂದ ತೋರಿಸಿದರು. ಆಕೆ ಅಳೆದುಕೊಂಡು ಹೋದರು.

ಫೆಬ್ರವರಿಯ ಒಂದು ಬೆಳಿಗ್ಗೆ ಜಿತೇಶ ಗೂಡಂಗಡಿಗೆ ಲಾಡು ಹಿಡಿದುಕೊಂಡು ಬಂದನು.

“ತಿನ್ನಿ ಮೂಸಾಕ. ಶುಗರ್ ಇದ್ದರೆ ಅರ್ಧ ತಿನ್ನಿ.”

“ಯಾರ ಮದುವೆ? ನಿನ್ನದು ಆಗಿ ಹೋಯ್ತಲ್ಲ.”

“ರೈಲಿನದ್ದು. ಎಸ್ಟಿಮೇಟು ಎಂಟುನೂರ ಎಂಬತ್ತು ಕೋಟಿಗೆ ನಿಂತಿತು. ಇನ್ನು ತಡೆ ಇಲ್ಲ.”

“ಹನ್ನೊಂದು ವರ್ಷದಿಂದ ಇದನ್ನೇ ಹೇಳ್ತಾ ಇದ್ದಿ. ಇಷ್ಟರಲ್ಲಿ ನನ್ನ ಗೂಡಂಗಡಿಯೇ ಎರಡು ಸಲ ಜಾಗ ಬಿಟ್ಟು ಕದಲಿತು. ನಿನ್ನ ರೈಲು ಕದಲಲಿಲ್ಲ.”

“ನಗಾಡಿ, ನಗಾಡಿ. ಈ ಸಲ ನಿಮ್ಮದೂ ಪಾಲುಂಟು ಮಾರಾಯ್ರೆ. ಹೊಳೆಯ ಸೇತುವೆ ನಿಮ್ಮ ಮಾತಿನ ಮೇಲೆಯೇ ನಿಲ್ಲುವುದು. ನೀರು ಕಿಟಕಿಯ ದಂಡೆಗೆ ಅಂತ ಬರೆದುಕೊಂಡು ಹೋಗಿದ್ದಾರೆ. ಇನ್ನೂ ಒಂದೆರಡು ಮೀಟರು ಮೇಲೆ ಬಂದಿದ್ದರೆ ಸೇತುವೆ ಏರಿಸಬೇಕಿತ್ತು, ಎರಡೂ ಬದಿ ಮೂರು ಮೂರು ಕಿಲೋಮೀಟರು ಮಣ್ಣು ಏರಿಸಬೇಕಿತ್ತು, ಅಗಲಕ್ಕೆ ಜಾಗ ಬೇಕಿತ್ತು. ಒಂಬೈನೂರು ದಾಟಿ, ಫೈಲು ವಾಪಸ್.”

“ಕೆಳಗೆ ಕಟ್ಟಿದ ಮೇಲೆ ನೀರು ಮೇಲೆ ಬಂದರೆ?”

“ಅದು ಹೇಗೆ ಬರ್ತದೆ? ನೀವೇ ನೋಡಿದ್ದೀರಲ್ಲ.”

ಮೂಸಾ ಲಾಡು ತಿಂದು ಬಾಯಿ ಒರೆಸಿಕೊಂಡರೆಂದು ಜಿತೇಶ ಹೇಳುತ್ತಾನೆ. ತಿನ್ನಲಿಲ್ಲ, ಕಾಗದದಲ್ಲಿ ಸುತ್ತಿ ಮೊಮ್ಮಗಳಿಗೆಂದು ಇಟ್ಟೆ ಎಂದು ಮೂಸಾ ಹೇಳುತ್ತಾರೆ. ಮೊಮ್ಮಗಳು ನುಸ್ರತ್ ಮೂಡುಬಿದಿರೆಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ನಿಂತೇ ಹೋಗಿಬರುತ್ತಿದ್ದಳು. ರೈಲು ಬೇಕೆಂಬ ಅರ್ಜಿಗೆ ಮೂಸಾ ಮೂರು ಸಲ ಸಹಿ ಹಾಕಿದವರು.

ಮೂರು ದಿನ ಗೂಡಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಅವರು ಸೇಸಮ್ಮನವರ ಮನೆಗೆ ಹೋದರು. ಸೇಸಮ್ಮ ಅಂಗಳದಲ್ಲಿ ಕಾಳುಮೆಣಸು ಒಣಹಾಕುತ್ತಿದ್ದರು.

“ಬನ್ನಿ ಮೂಸಾಕ. ಅಂಗಡಿಗೆ ಯಾಕೆ ಬೀಗ? ಮನೆಯಲ್ಲಿ ನಿಮ್ಮ ಜುಲೈಕಾ ಬೈದರಾ?”

“ಬೈಯಲಿಲ್ಲ. ಕೂತುಕೊ ಸೇಸಮ್ಮ. ಒಂದು ವಿಷಯ ಹೇಳ್ಲಿಕ್ಕುಂಟು.”

“ಇದೊಂದು ಹರಡಿ ಆಗಲಿ.”

“ಈಗಲೇ ಹೇಳ್ತೇನೆ. ಆಮೇಲೆ ನನಗೆ ಧೈರ್ಯ ಇರುವುದಿಲ್ಲ.” ಅವರು ಕೂರಲಿಲ್ಲ. “ಆ ದಿನ ನೀರು ಕಿಟಕಿಗೆ ನಿಲ್ಲಲಿಲ್ಲ.”

ಮರಳಿ ಬಂದಾಗ ಸೆಳೆತ ಹೆಚ್ಚಿ ದೋಣಿಯನ್ನು ಮನೆಯ ಬಳಿಗೆ ಒಯ್ಯಲು ಅವರಿಂದ ಆಗಲಿಲ್ಲ. ಅಂಗಳದಾಚೆಯ ಹೊನ್ನೆಮರದ ಕವಲು ದೋಣಿಯಲ್ಲಿ ನಿಂತವರ ಎದೆಯ ಮಟ್ಟಕ್ಕಿತ್ತು. ಹಗ್ಗವನ್ನು ಅದಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಅಲ್ಲಿಂದ ಮನೆಗೆ ಮೂವತ್ತು ಹೆಜ್ಜೆ. ನೀರು ಅಟ್ಟದ ತೊಲೆಯನ್ನು ದಾಟಿತ್ತು. ಗೋಡೆ ಬಿದ್ದದ್ದು ಆಮೇಲೆ. ಅದೂ ಆದ ಮೇಲೆ, ತೇಲಿಬಂದ ಮರದ ದಿಮ್ಮಿಯೊಂದು ದೋಣಿಗೆ ಬಡಿದಾಗ ಹಗ್ಗ ನಡುವೆ ಕಡಿದು, ದೋಣಿ ಅವರನ್ನು ಹೊತ್ತುಕೊಂಡು ಕೆಳಕ್ಕೆ ಹೋಯಿತು.

ಸೇಸಮ್ಮ ಕೇಳಿದರು: “ಆಮೇಲೆ ಅಂದರೆ ಎಷ್ಟು ಹೊತ್ತು?”

“ಒಂದು ಗಂಟೆ ಇರಬಹುದು.”

“ಅಮ್ಮ ಕರೆದರಾ?”

“ಕರೆದರು. ‘ಮೂಸಾ, ಮಕ್ಕಳು ಗುಡ್ಡ ಮುಟ್ಟಿದರಾ’ ಅಂತ. ಮುಟ್ಟಿದರು ಅಂತ ಕೂಗಿ ಹೇಳಿದೆ. ‘ಮೂವರೂ?’ ಅಂತ ಕೇಳಿದರು. ಮೂವರೂ ಅಂದೆ. ಆಮೇಲೆ ಅವರು ಕರೆಯಲಿಲ್ಲ.”

ಸೇಸಮ್ಮ ಹರಡಿದ ಮೆಣಸನ್ನೇ ಮತ್ತೆ ಮತ್ತೆ ಅಂಗೈಯಿಂದ ಹರಡುತ್ತಿದ್ದರು.

“ಗುಡ್ಡದಲ್ಲಿ ನಾನು ನಿಮ್ಮತ್ರ ಇದನ್ನೇ ಕೇಳಿದ್ದೆ.”

“ಕೇಳಿದ್ದಿ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡಿದ್ದಿ. ನಾನು ಹೇಗೆ ಹೇಳಲಿ?”

“ಮತ್ತೆ ಈಗ ಯಾಕೆ ಹೇಳಿದ್ದು?”

“ಈಗ ಅದರ ಮೇಲೆ ರೈಲು ಬಿಡ್ತಾರಂತೆ. ರೈಲಿನಲ್ಲಿ ಜನ ಇರ್ತಾರಲ್ಲ. ತಗ್ಗಿನಲ್ಲಿ ಈಗ ನಲವತ್ತು ಮನೆ ಉಂಟು.”

ಮನೆಗೆ ಹೋಗಿ ಎಂದು ಸೇಸಮ್ಮ ತನಗೆ ಹೇಳಿದರೆಂದು ಮೂಸಾ ನೆನೆಯುತ್ತಾರೆ. ಮಜ್ಜಿಗೆ ಕೊಟ್ಟೆ, ಕುಡಿದು ಹೋದರು ಎಂದು ಸೇಸಮ್ಮ ಹೇಳುತ್ತಾರೆ.

ಸಂಜೆ ಜಿತೇಶನಿಗೆ ವಿಷಯ ತಿಳಿಯಿತು.

“ಅವರಿಗೆ ಪ್ರಾಯ ಆಯ್ತು ಅಮ್ಮ. ಐವತ್ತು ವರ್ಷ ಒಂದು ಹೇಳಿ ಈಗ ಇನ್ನೊಂದು ಹೇಳಿದರೆ ಯಾರು ನಂಬ್ತಾರೆ?”

“ನಾನು ನಂಬ್ತೇನೆ.”

ನೆರೆಯ ಹೊತ್ತಿಗೆ ಬಂಟ್ವಾಳದಲ್ಲಿ ಕೂಲಿ ಕೆಲಸಕ್ಕಿದ್ದ ಸೇಸಮ್ಮನವರ ತಂದೆ ನೀರಿಳಿದ ಮೇಲೆ ಬಂದಾಗ, ಹೊನ್ನೆಮರದ ಕವಲಿನಲ್ಲಿ ತೆಂಗಿನ ನಾರಿನ ಹಗ್ಗದ ತುಂಡೊಂದನ್ನು ಕಂಡು ಏಣಿ ಇಟ್ಟು ಬಿಚ್ಚಿದ್ದರು. ಕೆಳಗೆ ಏಣಿ ಹಿಡಿದು ನಿಂತವರು ಸೇಸಮ್ಮ. ನೀರಿನಲ್ಲಿ ನೆನೆದ ಗಂಟನ್ನು ಬಿಚ್ಚಲು ತಂದೆ ಹಲ್ಲಿನಿಂದ ಎಳೆದದ್ದು ಅವರಿಗೆ ನೆನಪಿತ್ತು. ಆ ಹಗ್ಗದಲ್ಲಿ ಎರಡು ವರ್ಷ ದನ ಕಟ್ಟಿದರು. ಎಲ್ಲಿಂದಲೋ ತೇಲಿಬಂದು ಸಿಕ್ಕಿಕೊಂಡದ್ದೆಂದೇ ಎಲ್ಲರೂ ತಿಳಿದಿದ್ದರು.

“ತೇಲಿ ಬಂದ ಹಗ್ಗ ತಾನಾಗಿ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಳ್ಳುವುದಿಲ್ಲ ಮಗಾ,” ಎಂದರು ಸೇಸಮ್ಮ. “ನನಗೆ ಇಷ್ಟು ವರ್ಷ ಅದು ಹೊಳೆಯಲಿಲ್ಲ.”

“ಈ ಮಾತು ಹೊರಗೆ ಹೋದರೆ ರೈಲು ಹೋಯ್ತು.”

“ಗೊತ್ತುಂಟು.”

“ಹನ್ನೊಂದು ವರ್ಷ ಅಮ್ಮ.”

“ಗೊತ್ತುಂಟು ಅಂದೆನಲ್ಲ. ಆ ಎಂಜಿನಿಯರ್ ಹುಡುಗಿಗೆ ಫೋನ್ ಮಾಡು.”

ಜಿತೇಶ ಮಾಡಲಿಲ್ಲ. ಮರುದಿನ ಸೇಸಮ್ಮ ತಾವೇ ಮೂಸಾ ಅವರ ಮನೆಗೆ ಹೋಗಿ ನುಸ್ರತಳ ಕೈಯಿಂದ ಮಾಡಿಸಿದರು.

ವಿಜೇತಾ ಬಂದದ್ದು ಅದರ ಮರುವಾರ. ಸುದ್ದಿ ತಿಳಿದು ಸಮಿತಿಯವರೂ ಬಂದು ಮರದ ಬುಡದಲ್ಲಿ ಸೇರಿದ್ದರು. ಜಿತೇಶ ಮಾತ್ರ ದೂರದಲ್ಲಿ ದಾರಿಯ ಅಂಚಿನಲ್ಲಿ ನಿಂತಿದ್ದನು. ಸಮಿತಿಯ ಅಧ್ಯಕ್ಷ ನೋಣಯ್ಯ ಮೊದಲು ಮಾತೆತ್ತಿದರು.

“ಮೇಡಂ, ಮರ ಬೆಳೆಯುವ ವಸ್ತು. ಐವತ್ತು ವರ್ಷದಲ್ಲಿ ಕವಲು ಎಷ್ಟು ಮೇಲೆ ಹೋಗಿರಬೇಡ?”

“ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ ಸಾರ್. ಕವಲು ಇದ್ದಲ್ಲೇ ಇರ್ತದೆ. ದಪ್ಪ ಆಗ್ತದೆ, ಅಷ್ಟೆ.”

“ಅದು ನಿಮ್ಮ ಪುಸ್ತಕದ ಮಾತು.”

“ಪುಸ್ತಕ ಬೇಡ ನೋಣಯ್ಯಣ್ಣ,” ಎಂದರು ಸೇಸಮ್ಮ. “ನಲವತ್ತು ವರ್ಷದಿಂದ ಈ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಕೊಯ್ಯಿಸುವುದು ನಾನು. ಹದಿಮೂರು ಮೆಟ್ಟಿಲಿನ ಏಣಿ ಆಗ ಈ ಕವಲಿಗೆ ಮುಟ್ಟುತ್ತಿತ್ತು, ಈಗಲೂ ಮುಟ್ಟುತ್ತದೆ. ನಿಮ್ಮ ಲೆಕ್ಕದಲ್ಲಿ ಬಿದಿರಿನ ಏಣಿಯೂ ಬೆಳೆಯಿತಾ?”

ಯಾರೋ ಇಬ್ಬರು ನಕ್ಕರು. ನೋಣಯ್ಯ ನಗಲಿಲ್ಲ.

ವಿಜೇತಾ ಅಳತೆಯ ಕೋಲನ್ನು ಕವಲಿಗೆ ಹಿಡಿಸಿದರು. ಮೂಸಾ ಅವರನ್ನು ನೆಲದ ಮೇಲೆ ನಿಲ್ಲಿಸಿ ಎದೆಯ ಎತ್ತರವನ್ನು ಅಳೆದರು. ಹೊರೆಯಿಲ್ಲದ ದೋಣಿ ಎಷ್ಟು ಮುಳುಗುತ್ತದೆಂದು ಕೇಳಿದರು. ಒಂದು ಗೇಣು ಎಂದರು ಮೂಸಾ. ಲೆಕ್ಕ ಮುಗಿದಾಗ ನೀರಿನ ಮಟ್ಟ ಹಿಂದೆ ಬರೆದದ್ದಕ್ಕಿಂತ ಒಂದೂಮುಕ್ಕಾಲು ಮೀಟರು ಮೇಲಿತ್ತು.

“ಇದು ನಿಜವಾದರೆ,” ಎಂದು ವಿಜೇತಾ ಸಮಿತಿಯವರ ಕಡೆಗೆ ತಿರುಗಿದರು, “ಹಿಂದಿನ ಮಟ್ಟದಲ್ಲಿ ಕಟ್ಟಿದ ಸೇತುವೆ ಇಂಥ ನೆರೆಗೆ ಅಣೆಕಟ್ಟಿನ ಹಾಗೆ ನಿಲ್ತದೆ. ನೀರು ತಗ್ಗಿನ ಮನೆಗಳಿಗೆ ನುಗ್ತದೆ. ಆದರೆ ಬರೆಯಲಿಕ್ಕೆ ನನಗೆ ಎರಡನೇ ಹೇಳಿಕೆ ಬೇಕು. ಅಮ್ಮ, ನೀವು ನೀರನ್ನು ನೋಡಲಿಲ್ಲವಲ್ಲ?”

“ನೀರು ನೋಡಲಿಲ್ಲ. ಹಗ್ಗದ ಗಂಟು ನೋಡಿದ್ದೇನೆ. ಹಾಗೇ ಬರೀರಿ.” ಸೇಸಮ್ಮ ಮುಂದುವರಿಸಿದರು: “ಇದನ್ನೂ ಬರೀರಿ. ಪೂವಕ್ಕ ಸತ್ತದ್ದು ಗೋಡೆ ಬಿದ್ದು ಅಲ್ಲ. ನೀರು ಅಟ್ಟಕ್ಕೆ ಏರಿ ಸತ್ತದ್ದು. ಒಂದು ಗಂಟೆ ಜೀವ ಇತ್ತು.”

ವಿಜೇತಾ ಬರೆದು, ಓದಿ ಹೇಳಿದರು. ಸೇಸಮ್ಮ ಕನ್ನಡದಲ್ಲಿ ಸಹಿ ಹಾಕಿದರು. ಅವರು ತಲೆ ಎತ್ತಿದಾಗ ಜಿತೇಶ ದಾರಿಯ ಅಂಚಿನಲ್ಲಿರಲಿಲ್ಲ.

ಪರಿಷ್ಕೃತ ಅಂದಾಜು ಒಂಬೈನೂರ ಮೂವತ್ತೆಂಟು ಕೋಟಿಗೆ ಏರಿತು. ಆ ಸಲದ ರಾಜ್ಯ ಬಜೆಟ್ಟಿನಲ್ಲಿ ಮಾರ್ಗದ ಹೆಸರು ಬರಲಿಲ್ಲ. ಮೂಸಾ ಅವರ ಗೂಡಂಗಡಿಗೆ ಬರುವವರು ಕಡಿಮೆಯಾದರು. ಬಂದವರಲ್ಲೂ ಕೆಲವರು, “ಮೂಸಾಕ, ಇನ್ನೊಂದು ಹತ್ತು ಮೀಟರು ನೀರು ಏರಿಸಿ. ರೈಲು ಬೇಡ, ನಮಗೆ ವಿಮಾನವೇ ಆಗಲಿ,” ಎಂದು ಹೇಳಿ ಹೋಗುತ್ತಿದ್ದರು.

ಏಪ್ರಿಲಿನಲ್ಲಿ ಸಮಿತಿಯ ಸಭೆ ಸೇರಿತು. ಹನ್ನೊಂದು ಮಂದಿ ಬಂದಿದ್ದರು. ವೃದ್ಧರ ಎರಡನೆಯ ಹೇಳಿಕೆ ನಂಬಲು ಯೋಗ್ಯವಲ್ಲ, ಮೊದಲಿನ ಮಟ್ಟವನ್ನೇ ಹಿಡಿಯಬೇಕು ಎಂದು ಸರ್ಕಾರಕ್ಕೆ ಬರೆಯುವ ಪತ್ರವನ್ನು ನೋಣಯ್ಯ ಸಿದ್ಧಪಡಿಸಿ ತಂದಿದ್ದರು. ಅದಕ್ಕೆ ಕಾರ್ಯದರ್ಶಿಯ ಸಹಿ ಬೇಕಿತ್ತು.

ಜಿತೇಶ ಪತ್ರವನ್ನು ಪೂರ್ತಿ ಓದಿದನು.

“ನಾನು ಹಾಕುವುದಿಲ್ಲ.”

“ಯಾಕೆ ಮಾರಾಯ? ಎಲ್ಲರಿಗಿಂತ ಹೆಚ್ಚು ಓಡಾಡಿದ್ದು ನೀನು.”

“ಹೌದು. ಅಜ್ಜಿ ಒಂದು ಗಂಟೆ ಅಟ್ಟದಲ್ಲಿ ಇದ್ದದ್ದೂ ಹೌದು. ಅದನ್ನು ಸುಳ್ಳು ಅಂತ ಬರೆದು ನಾನು ಮನೆಗೆ ಹೋಗಲಿಕ್ಕೆ ಆಗುವುದಿಲ್ಲ ನೋಣಯ್ಯಣ್ಣ.”

“ಹಾಗಾದರೆ ಏನು ಮಾಡುವ? ಸಮಿತಿ ಮುಚ್ಚುವುದಾ?”

ಜಿತೇಶ ತಾನು ಟೈಪು ಮಾಡಿ ತಂದಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟನು. ರಾಜ್ಯವು ತನ್ನ ಒಂಬೈನೂರರ ಮಿತಿಯನ್ನು ಏರಿಸಬೇಕೆಂಬ ಕೋರಿಕೆ ಅದರಲ್ಲಿತ್ತು. ಇಬ್ಬರ ಹೇಳಿಕೆಗಳ ಪ್ರತಿಗಳನ್ನೂ ಜೊತೆಗೆ ಹಚ್ಚಿದ್ದನು.

“ಒಂಬೈನೂರ ಮೂವತ್ತೆಂಟು ಅಂತಲೇ ಬರೆಯುವ.”

“ಕೊಡುವುದಿಲ್ಲ ಅಂದರೆ?”

“ಪುನಃ ಬರೆಯುವ.”

ಏಳು ಮಂದಿ ಸಹಿ ಹಾಕಿದರು. ನೋಣಯ್ಯ ಹಾಕಲಿಲ್ಲ; ಆದರೆ ಸಭೆಯಿಂದ ಎದ್ದು ಹೋಗಲೂ ಇಲ್ಲವೆಂಬುದನ್ನು ಜಿತೇಶ ನನಗೆ ಎರಡು ಸಲ ಹೇಳಿದನು.

ಪತ್ರ ಹೋಗಿ ಏಳು ತಿಂಗಳಾಯಿತು. ವಿಷಯವು ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಉತ್ತರ ಬಂದಿದೆ. ಅದನ್ನು ನಾನು ಅವನ ಅಂಗಡಿಯಲ್ಲಿ ನೋಡಿದೆ. ಎರಡನೆಯ ಪತ್ರದ ಕರಡು ಅವನ ಕಂಪ್ಯೂಟರಿನಲ್ಲಿ ಅರ್ಧದವರೆಗೆ ಆಗಿತ್ತು.