ಒಂದು ನಿಮಿಷ ಓಟ, ಎರಡು ನಿಮಿಷ ಮರ್ಯಾದೆ

ನವಿಮುಂಬಯಿ ನೆರೂಳದ ಹೋಟೆಲ್ ಮುರಾರಿ ಓಡಲು ಹೊರಟರೆ ಹಾರ್ಬರ್ ಲೈನಿನ ಲೋಕಲ್ ರೈಲು ಕೂಡ ನಿಂತು ನೋಡುತ್ತದೆ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳೋಣ. ಲೋಕಲ್ ನಿಲ್ಲುವುದು ನಿಜ. ಅಲ್ಲಿ ಸ್ಟೇಷನ್ ಇದೆ.

ಹೋದ ವರ್ಷ ಅವನು ಥಾಣೆಯಲ್ಲಿ ಇಪ್ಪತ್ತೊಂದು ಕಿಲೋಮೀಟರು ಓಡಿದ್ದು ಮಾತ್ರ ಪೂರ್ತಿ ನಿಜ. ಆ ಪದಕ ಗಲ್ಲಾದ ಮೇಲೆ ಲಕ್ಷ್ಮಿಯ ಪಟದ ಪಕ್ಕದಲ್ಲೇ ನೇತಾಡುತ್ತಿತ್ತು. ಊದುಬತ್ತಿ ಲಕ್ಷ್ಮಿಗೆ ಎರಡು ಸುತ್ತು, ಪದಕಕ್ಕೆ ಮೂರು. ಇಡ್ಲಿ ತಿನ್ನಲು ಬಂದವರಿಗೆ ಚಟ್ನಿಗಿಂತ ಮೊದಲು ಓಟದ ಕಥೆ ಬಡಿಸುತ್ತಿದ್ದ.

ದೃಷ್ಟಿ ತಾಗಿತೋ, ಓಟ ಅತಿಯಾಯಿತೋ, ಈ ಮಳೆಗಾಲದಲ್ಲಿ ಬಲಗಾಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು. ಎರಡು ತಿಂಗಳು ಗಲ್ಲಾದಲ್ಲೇ ಕೂತ. ಆಮೇಲೆ ಫಿಸಿಯೋಥೆರಪಿಯ ನಿಶಾ ಕಾಲು ಒತ್ತಿ ನೋಡಿದಳು. ನೆರೂಳದಲ್ಲೇ ಹುಟ್ಟಿ ಬೆಳೆದವಳು.

"ಏಕ್ ಮಿನಿಟ್ ಓಡಿ, ದೋ ಮಿನಿಟ್ ನಡೀರಿ ಅಂಕಲ್. ಛೇ ಹಫ್ತೆ, ಆರೇ ವಾರ, ಬಸ್. ಹೀರೋಗಿರಿ ಮಾಡಿದ್ರೆ ಡಿಸೆಂಬರಿನ ಥಾಣೆ ರೇಸ್ ಮರ್ತುಬಿಡಿ."

ಓಡುವುದು ಏನು ಮಹಾ? ಕಷ್ಟವಿದ್ದದ್ದು ನಡೆಯುವುದರಲ್ಲಿ. ಬೆಳಿಗ್ಗೆ ಆರಕ್ಕೆ ಪಾಮ್ ಬೀಚ್ ರಸ್ತೆಯಲ್ಲಿ ಸುತ್ತುವವರಲ್ಲಿ ಮುಕ್ಕಾಲು ಪಾಲು ಅವನ ಗಿರಾಕಿಗಳು, ಮಿಕ್ಕವರು ಬೇರೆ ಹೋಟೆಲಿನ ಮಾಲೀಕರು. ಅವನ ನಡಿಗೆಯ ನಿಮಿಷ ಶುರುವಾಗುವುದನ್ನೇ ಕಾದಿದ್ದವರಂತೆ ಯಾರಾದರೊಬ್ಬರು ಎದುರಾಗುತ್ತಿದ್ದರು.

ಬುತ್ತಿ ಹಿಡಿದು ಕಟ್ಟಡದ ಕೆಲಸಕ್ಕೆ ಹೊರಟಿದ್ದ ಕಲಬುರಗಿಯ ಭೀಮಮ್ಮ, "ಯಾಕ್ರೀ ಮಾಲಕ್ರ, ಹೆಣದ ಹಿಂದ ಹೊಂಟಾಂಗ ಹೊಂಟೀರಿ?" ಎಂದಳು. ಮುರಾರಿ ಓಡಿದ. ಪಕ್ಕದ ಸೆಕ್ಟರಿನ ಹೋಟೆಲಿನ ಜಯಶೀಲ ಸ್ಕೂಟರ್ ನಿಧಾನ ಮಾಡಿ, "ಎಂತ ಮಾರಾಯ್ರೆ, ಪೆಟ್ರೋಲ್ ಮುಗೀತಾ?" ಎಂದ. ಮುರಾರಿ ಸ್ಕೂಟರಿಗಿಂತ ಜೋರಾಗಿ ಓಡಿದ.

ನಾಲ್ಕೇ ದಿನಕ್ಕೆ ಎಲುಬು ಮತ್ತೆ ಮಿಡಿಯತೊಡಗಿತು. ನಿಶಾ ಚೆನ್ನಾಗಿ ಬೈದು, ಆರು ವಾರವನ್ನು ಮೊದಲಿನಿಂದ ಎಣಿಸಿ ಎಂದಳು.

ಕಾಲಿಗೆ ಐಸ್ ಇಟ್ಟುಕೊಂಡು ಕೂತ ಮಗನನ್ನು ಎಪ್ಪತ್ತೆಂಟರ ತಾಯಿ ದ್ರೌಪದಿ ಮೇಲಿಂದ ಕೆಳಗೆ ನೋಡಿದಳು.

"ಎಲುಬಿಗೆ ಎಂತ ಆಗ್ಲಿಲ್ಲ ಮಗ, ಬಿರುಕು ನಿನ್ನ ಮರ್ಯಾದೆಗೆ. ನಾಳೆ ನಾನೂ ಬರ್ತೇನೆ. ಅಮ್ಮನ ಒಟ್ಟಿಗೆ ನಡೆಯುವವನನ್ನು ನೋಡಿ ಯಾರು ನಗಾಡ್ತಾರೆ?"

"ನಾನು ಓಡುವಾಗ ನೀನು?"

"ನೀನು ಓಡಿ ವಾಪಸ್ ಬಾ. ನಾನು ಈ ಪ್ರಾಯದಲ್ಲಿ ಯಾರ ಒಟ್ಟಿಗೆ ಓಡಿಹೋಗ್ಲಿಕ್ಕುಂಟು?"

ಮುದುಕಿಯ ಎಣಿಕೆ ತಪ್ಪಲಿಲ್ಲ. ಮುರಾರಿ ಒಂದು ನಿಮಿಷ ಮುಂದಕ್ಕೆ ಓಡುವುದು, ತಿರುಗಿ ನಡೆದು ಬಂದು ತಾಯಿಯ ಕೈ ಹಿಡಿಯುವುದು. ಭೀಮಮ್ಮ ಕೈ ಮುಗಿದಳು. ಜಯಶೀಲ ಸ್ಕೂಟರನ್ನು ನಿಲ್ಲಿಸಿಯೇ ಬಿಟ್ಟ: "ಈ ಕಾಲದಲ್ಲಿ ಇಂಥ ಮಗ ಎಲ್ಲಿ ಸಿಗ್ತಾನೆ ಮಾರಾಯ್ರೆ!" ಕನ್ನಡ ಸಂಘದ ವಾಟ್ಸಾಪಿನಲ್ಲಿ 'ನಮ್ಮ ನೆರೂಳದ ಶ್ರವಣಕುಮಾರ' ಎಂದು ಫೋಟೋ ಬಂತು. ಅದರ ಕೆಳಗೆ ಸುರಿದ ಕಣ್ಣೀರಿನ ಗೊಂಬೆಗಳನ್ನು ಹಿಂಡಿದ್ದರೆ ವಾಶಿಯ ಕಡಲ ಖಾಡಿ ಉಕ್ಕುತ್ತಿತ್ತು. ಈ ಶ್ರವಣಕುಮಾರ ಹತ್ತು ವರ್ಷಗಳಿಂದ ತನ್ನನ್ನು ಎದುರಿನ ದೇವಸ್ಥಾನಕ್ಕೂ ಕರೆದೊಯ್ದವನಲ್ಲ ಎಂದು ದ್ರೌಪದಿ ಯಾರಿಗೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಮಗನ ಲೆಕ್ಕದಲ್ಲಿ ದಿನಕ್ಕೆ ಎರಡು ಎಳನೀರು ಕುಡಿದಳು.

ಆರನೆಯ ವಾರ ಓಟದ ಗುಂಪಿನ ಮನೀಶ, ಥಾಣೆಯ ಘೋಡಬಂದರ್ ರಸ್ತೆಯವನು, ಕುಂಟುತ್ತ ಹೋಟೆಲಿಗೆ ಬಂದ. ಅವನಿಗೆ ಹಿಮ್ಮಡಿ ನೋವು. ಅವನಿಗೂ ನಡಿಗೆಯ ಶಿಕ್ಷೆ.

"ಅಣ್ಣ, ನನ್ನ ಅಮ್ಮ ಉಡುಪಿಯಲ್ಲಿ. ನಿಮ್ಮ ಅಮ್ಮನನ್ನು ಆದಿತ್ಯವಾರ ಒಂದು ಗಂಟೆ ಕೊಡ್ತೀರಾ? ಬಿಲ್ಡಿಂಗಿನ ಸೊಸೈಟಿಯವರ ಎದುರು ತಲೆ ಎತ್ಲಿಕ್ಕೆ ಆಗುದಿಲ್ಲ."

"ಅಮ್ಮ ಎಂತ ಗ್ಯಾಸ್ ಸಿಲಿಂಡರಾ, ಕೊಡ್ಲಿಕ್ಕೆ?" ಮುರಾರಿ ರೇಗಿದ.

ಒಳಗಿನಿಂದ ದ್ರೌಪದಿಯ ದನಿ ಬಂತು: "ಕಾರಿನಲ್ಲಿ ಎಸಿ ಉಂಟಾ?"

ಇತ್ತು.

ಹಾಗಾಗಿ ಕೊನೆಯ ಆದಿತ್ಯವಾರ ಮುರಾರಿ ಒಬ್ಬನೇ ರಸ್ತೆಗಿಳಿದ. ಸೋಮವಾರ ನಿಶಾ ಎಲುಬು ಒತ್ತಿ ನೋಡುವವಳು. ನೋವಿಲ್ಲದಿದ್ದರೆ ಮಾತ್ರ ಥಾಣೆಯ ರೇಸು. ತಾಯಿಯೋ ಅದೇ ಥಾಣೆಯಲ್ಲಿ ಬೇರೊಬ್ಬನ ಮರ್ಯಾದೆ ಕಾಯುತ್ತಿದ್ದಳು.

ಓಟ-ನಡಿಗೆಯ ಹದಿಮೂರು ಸುತ್ತು ಸುಸೂತ್ರವಾಗಿ ಮುಗಿದವು. ಕೊನೆಯ ಸುತ್ತಿನ ನಡಿಗೆಯಷ್ಟೇ ಉಳಿದಿತ್ತು. ಎಲುಬು ಸ್ವಲ್ಪ ಬೆಚ್ಚಗಾಗಿತ್ತು, ನೋವೆನ್ನುವಂತಿರಲಿಲ್ಲ. ತಿರುವಿನಲ್ಲಿ ಸಂಘದ ಪಿಕ್ನಿಕ್ ಬಸ್ಸು ನಿಂತಿತ್ತು, ಒಳಗೆ ಐವತ್ತು ಮಂದಿ. ಜಯಶೀಲ ಕಿಟಕಿಯಿಂದ ಸೊಂಟದವರೆಗೆ ಹೊರಬಂದ.

"ಅಮ್ಮ ಎಲ್ಲಿ ಮಾರಾಯ್ರೆ? ಒಬ್ರೇ ನಡೀತಾ ಇದ್ದೀರಿ! ಹಾಗಾದ್ರೆ ಕಾಲು ಹೋದದ್ದು ನಿಮ್ದೇ?"

ಐವತ್ತು ಫೋನುಗಳು ಮೇಲೆದ್ದವು. ಮುರಾರಿ ವಾಚು ನೋಡಿದ: ನಡಿಗೆ, ಇನ್ನೂ ಒಂದೂವರೆ ನಿಮಿಷ. ಬಲಗಾಲು ನಡೆ ಎಂದಿತು, ಮೀಸೆ ಓಡು ಎಂದಿತು. ಸೋಮವಾರ ನಿಶಾ ಹೆಬ್ಬೆರಳು ಒತ್ತಿದಾಗ ಅವನು ನಕ್ಕನೋ, ಇಡೀ ನೆರೂಳಕ್ಕೆ ಕೇಳುವಂತೆ ಕಿರುಚಿದನೋ? ನೀವೂ ನಾಲ್ಕು ಮಂದಿ ಪರಿಚಯದವರ ಕಣ್ಣೆದುರು ನಡೆದವರೇ ತಾನೆ, ಹೇಳಿ ನೋಡುವಾ.